ಮಸಾಯಿ ಮಾರಾದಲ್ಲಿ ಜೀಪ್ ಸಫಾರಿ ಬಿಟ್ಟು ಬೇರೇನಿದೆ?

ಅಪ್ಪ ಅಮ್ಮನ ಜೊತೆ ಕೀನ್ಯಾದ ಮಸಾಯಿ ಮಾರಾದಲ್ಲಿ ಮೂರು ದಿನ, ಇಡೀ ದಿನ ಜೀಪಲ್ಲೇ ಕೂರಬೇಕಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಆದರೆ ಎಲ್ಲಿ ಉಳಿಯುತ್ತೀರಿ ಅನ್ನೋದು ಮುಖ್ಯ. ರಿಸರ್ವ್ (ಮಸಾಯಿ ಮಾರಾದ ರಕ್ಷಿತ ವನ್ಯಜೀವಿ ಪ್ರದೇಶ) ಒಳಗೆ ನಡಿಗೆಗೆ, ರಾತ್ರಿ ಸಫಾರಿಗೆ ಬಿಡುವುದಿಲ್ಲ. ಪಕ್ಕದ ನಬೊಯಿಶೊದಂಥ ಕನ್ಸರ್ವೆನ್ಸಿಗಳಲ್ಲಿ, ಅಂದರೆ ಪ್ರಾಣಿಗಳಿಗಾಗಿ ಬಿಟ್ಟ ಖಾಸಗಿ ಜಾಗಗಳಲ್ಲಿ, ಎರಡೂ ಉಂಟು. ಅದು ಅಲ್ಲಿನ ಸ್ಥಳೀಯ ಮಸಾಯಿ ಜನರದೇ ಜಮೀನು, ಗುತ್ತಿಗೆಗೆ ಕೊಟ್ಟಿದ್ದಾರೆ. ಬೆಳಿಗ್ಗೆ ಮಸಾಯಿ ಗೈಡ್ ಜೊತೆ ನಡೆದರೆ ಹೆಜ್ಜೆ ಗುರುತು, ಆನೆ ಲದ್ದಿ, ಗೆದ್ದಲ ಹುತ್ತ ಎಲ್ಲ ತೋರಿಸಿ ಕಥೆ ಹೇಳುತ್ತಾರೆ. ನನಗಂತೂ ಸಿಂಹಕ್ಕಿಂತ ಇದೇ ಜಾಸ್ತಿ ಇಷ್ಟ.

ಬಲೂನ್ ಸವಾರಿ ಚೆಂದವೇ, ದುಬಾರಿ ಕೂಡ. ಆದರೆ ಎಷ್ಟೋ ಸಲ ಅಡ್ಡ ಮಲಗಿಸಿದ ಬುಟ್ಟಿಯೊಳಗೆ ತೂರಿಕೊಳ್ಳಬೇಕು, ಇಳಿಯುವಾಗ ಮಂಡಿ ಮಡಚಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಮ್ಮನಿಗೆ ಮಂಡಿನೋವು ಅಂದಿರಲ್ವಾ, ಬಿಟ್ಟುಬಿಡಿ.

ಹಾಂ, ಪ್ಲಾಸ್ಟಿಕ್ ಕವರ್ ಒಯ್ಯಬೇಡಿ. 2017ರಿಂದ ಅಲ್ಲಿ ನಿಷೇಧ.