ಮೆಕ್ಕೆಜೋಳಕ್ಕೆ ಎಣ್ಣೆ (ಕೀಟನಾಶಕ) ಹೊಡೆದ ದಿನವೆಲ್ಲ ಅಪ್ಪನಿಗೆ ತಲೆನೋವು, ವಾಂತಿ. ಯಾವ ಮಾಸ್ಕ್ ಕೊಡಿಸಲಿ, ಎನ್95 ಸಾಕಾ?

ಮಾಸ್ಕ್ ವಿಷಯ ಆಮೇಲೆ. ಮೊದಲು ನಿಮ್ಮ ತಂದೆ ಬೆನ್ನಿಗೆ ಹಾಕುವ ಪಂಪಿನ ಮುಚ್ಚಳ ತಿರುಗಿಸಿ ತೆಗೆದು, ಅದರೊಳಗಿನ ರಬ್ಬರ್ ವಾಷರ್ ನೋಡಿ. ಇದೆಯಾ? ಇದ್ದರೆ ಒರಿಜಿನಲ್ಲಾ, ಇಲ್ಲಾ ಯಾರಾದರೂ ಕತ್ತರಿಸಿ ಹಾಕಿದ್ದಾ?

ಸಂಜೆ ತಲೆ ಸಿಡಿತ, ಹೊಟ್ಟೆ ತೊಳಸು, ರಾತ್ರಿ ಊಟ ಸೇರಲ್ಲ, ಬೆಳಗ್ಗೆ ಎದ್ದರೆ ಆರಾಮ, ಕೇಳಿದರೆ "ಬಿಸಿಲಿಗೆ ಉಷ್ಣ ಆಗೈತಿ ಬಿಡು" ಅಂತಾರೆ ಎಂದು ಬರೆದಿದ್ದೀರಿ. ಈ ಮಾತನ್ನು ನಾನೂ ಮನೆಯಲ್ಲಿ ಹೇಳಿಕೊಂಡು ತಿರುಗಿದವನೇ.

ನಮ್ಮದು ಜಗಳೂರು ತಾಲ್ಲೂಕು. ಮಳೆ ನಂಬಿದ ಹೊಲ, ಮೆಕ್ಕೆಜೋಳ, ಜೊತೆಗೆ ಒಂದಿಷ್ಟು ಈರುಳ್ಳಿ. ಮೆಕ್ಕೆಜೋಳದ ಸುಳಿ ತಿನ್ನುವ, ಅಮೆರಿಕ ಖಂಡದಿಂದ ಬಂದ ಸೈನಿಕ ಹುಳು (ಫಾಲ್ ಆರ್ಮಿವರ್ಮ್) 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ, ಶಿವಮೊಗ್ಗದ ಕಡೆ ಪತ್ತೆಯಾಯಿತು. ನಮ್ಮೂರಲ್ಲಿ ಎಲ್ಲರೂ ಅದನ್ನು ಹಳೇ ಲದ್ದಿಹುಳು ಅಂತಲೇ ತಿಳಿದು, ಹಳೇ ಎಣ್ಣೆಗಳನ್ನೇ ಹೊಡೆದರು. ಮರುವರ್ಷದ ಮುಂಗಾರಿಗೆ ನಮ್ಮ ಬೆಳೆ ಮೊಣಕಾಲೆತ್ತರ ಬಂದಿತ್ತು, ಸುಳಿ ಸುಳಿಯಲ್ಲೂ ಹಿಕ್ಕೆ. ಅಂಗಡಿಯವನು ಪ್ರೊಫೆನೊಫಾಸ್ ಮತ್ತು ಸೈಪರ್‌ಮೆತ್ರಿನ್ ಕೂಡಿದ ಎಣ್ಣೆ ಕೊಟ್ಟ. ಬಾಟಲಿ ತೆಗೆದರೆ ಓಣಿಯೆಲ್ಲ ನಾರಬೇಕು, ಆಗಲೇ ಅದು ಪವರ್ ಇರೋ ಎಣ್ಣೆ ಅನ್ನುವ ಜನ ನಾವು.

ಈಗ ವಾಷರ್ ಕಥೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನನ್ನದು 16 ಲೀಟರಿನ ಬ್ಯಾಟರಿ ಪಂಪು. ಮುಚ್ಚಳದ ವಾಷರ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಅದೊಂದಕ್ಕಾಗಿ ಜಗಳೂರಿಗೆ ಯಾರು ಹೋಗ್ತಾರೆ ಅಂತ ಹಳೇ ಸೈಕಲ್ ಟ್ಯೂಬು ಕತ್ತರಿಸಿ, ಅಳತೆಗೆ ಬಳೆ ಮಾಡಿ ಕೂರಿಸಿದೆ. ಬರೀ ನೀರು ತುಂಬಿ ಬಗ್ಗಿಸಿ ನೋಡಿದೆ, ಒಂದು ಹನಿ ಬೀಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆದರೆ ಇಂಥ ಎಣ್ಣೆಯಲ್ಲಿ ವಿಷವನ್ನು ಕರಗಿಸಿ ಇಡಲು ಪೆಟ್ರೋಲಿನ ಜಾತಿಯ ದ್ರಾವಕ ಇರುತ್ತದೆ. ಅದು ಟ್ಯೂಬಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನೀರಿನಲ್ಲಿ ಪರೀಕ್ಷೆ ಪಾಸಾದ ವಾಷರ್ ಎಣ್ಣೆಯಲ್ಲಿ ಹೊತ್ತು ಕಳೆದಂತೆ ಸುಕ್ಕುಗಟ್ಟಿ ತಾನು ಕೂತ ಜಾಗದಿಂದ ಹೊರಗೆ ಜಾರಿತು. ಮುಚ್ಚಳ ಬಿಗಿಯಾಗೇ ಇತ್ತು, ಕೈಗೆ ಏನೂ ಗೊತ್ತಾಗಲ್ಲ.

ಇನ್ನೊಂದು, ಬೆಳೆ ಮೊಣಕಾಲೆತ್ತರ ಇರುವಾಗ ಸುಳಿಯೊಳಗೆ ಬಿಡಬೇಕಾದರೆ ಗಿಡ ಗಿಡಕ್ಕೂ ಬಗ್ಗಬೇಕು. ಬಗ್ಗಿದಾಗಲೆಲ್ಲ ಟ್ಯಾಂಕಿನ ನೀರು ಮುಚ್ಚಳಕ್ಕೆ ಬಂದು ಬಡಿಯುತ್ತದೆ. ಹೀಗೆ ಹನಿ ಹನಿಯಾಗಿ ಕುತ್ತಿಗೆಯ ಹಿಂದೆ ಬಿದ್ದದ್ದು ಬೆನ್ನ ಮೇಲಿಳಿದು ಉಡಿದಾರದವರೆಗೆ ಹೋಗುತ್ತಿತ್ತು. ಅಂಗಿಯಷ್ಟೇ ಅಲ್ಲ, ಪಂಪಿನ ಬೆನ್ನಿಗಿರುವ ಸ್ಪಂಜು, ಹೆಗಲಪಟ್ಟಿ ಎಲ್ಲಾ ಅದನ್ನು ಕುಡಿದಿದ್ದವು. ಟ್ಯಾಂಕಿನ ಭಾರ ಆ ಒದ್ದೆ ಬಟ್ಟೆಯನ್ನು ಚರ್ಮಕ್ಕೆ ಒತ್ತಿ ಹಿಡಿದಿತ್ತು.

ಯಾಕೆ ಗೊತ್ತಾಗಲಿಲ್ಲ ಅಂತ ಕೇಳಿ. ಬಿಸಿಲಲ್ಲಿ ಬೆನ್ನು ತಣ್ಣಗಿತ್ತು, ಹಿತವಾಗಿತ್ತು! ಬೆವರು ಅಂದುಕೊಂಡೆ. ಒಮ್ಮೆ ಅನುಮಾನ ಬಂದಾಗಲೂ, ಟ್ಯಾಂಕಿಗೆ ಹಾಕಿರೋದು ಮುಚ್ಚಳದ ಲೆಕ್ಕದ ಎಣ್ಣೆ, ಉಳಿದದ್ದೆಲ್ಲ ನೀರು, ಇದೇನು ಮಾಡೀತು ಅಂತ ಮುಂದುವರಿಸಿದೆ. ಮೂಗಿಗೆ ಟವೆಲ್ ಬಿಗಿದಿದ್ದೆನಲ್ಲ, ಅದೇ ಧೈರ್ಯ. ನೀವು ಮಾಸ್ಕ್ ಅಂತ ಕೇಳಿದ ಕೂಡಲೇ ನನಗೆ ಆ ಟವೆಲ್ ನೆನಪಾಯಿತು.

ಬೆವೆತ, ಬಿಸಿ ಏರಿದ ಚರ್ಮ ವಿಷವನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಎಲ್ಲಾ ಒಂದೇ ಕುಲ, ಆರ್ಗನೊಫಾಸ್ಫೇಟ್. ನರದಿಂದ ಹೋದ ಸಂದೇಶವನ್ನು ಕೆಲಸ ಮುಗಿದ ಮೇಲೆ ಅಳಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವ ನಮ್ಮ ಮೈಯಲ್ಲಿದೆ. ಈ ಕುಲದ ವಿಷ ಅದನ್ನೇ ಕಟ್ಟಿಹಾಕುತ್ತದೆ. ಆಗ ಜೊಲ್ಲು, ಬೆವರು, ಕಣ್ಣೀರು ನಿಲ್ಲಲ್ಲ, ವಾಂತಿ ಭೇದಿ ಆಗುತ್ತದೆ, ಸ್ನಾಯು ತಾನೇ ಅದುರುತ್ತದೆ, ಕೊನೆಗೆ ಉಸಿರಿಗೇ ತೊಂದರೆ. ನೀವು ಗಮನಿಸಬೇಕಾದ್ದು ಇದು: ಆ ಕಿಣ್ವ ಮೊದಲಿನಂತಾಗಲು ವಾರಗಟ್ಟಲೆ ಬೇಕು. ಬೆಳಗ್ಗೆ ಆರಾಮ ಅನ್ನಿಸಿದರೂ ಲೆಕ್ಕ ಚುಕ್ತಾ ಆಗಿರಲ್ಲ, ಇವತ್ತಿನದು ನಿನ್ನೆಯದರ ಮೇಲೆ ಕೂಡುತ್ತದೆ. ನಾನು ಅದಕ್ಕೆ ಮುಂಚೆ ಈರುಳ್ಳಿಯ ನುಸಿಗೂ ಇದೇ ಜಾತಿಯ ಎಣ್ಣೆ, ಇದೇ ಪಂಪಿನಲ್ಲಿ ಹೊಡೆದಿದ್ದೆ.

ಸಂಜೆ ಬೈಕಲ್ಲಿ ಬರುವಾಗ ದಾರಿ ಮಂಜು ಮಂಜು. ಮನೆ ಕಟ್ಟೆಯ ಮೇಲೆ ಕೂತವನಿಗೆ ಜೊಲ್ಲು ಸುರಿಯತೊಡಗಿತು, ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಓಣಿಯವರೆಲ್ಲ ಸೇರಿದರು. ಒಬ್ಬರು ನಿಂಬೆರಸ ಅಂದರು, ಇನ್ನೊಬ್ಬರು ಸೋಪಿನ ನೀರು ಕುಡಿಸಿ ಕಕ್ಕಿಸಿ ಅಂದರು, ಕುಡಿಸಿಯೂ ಬಿಟ್ಟರು. ಹೊಟ್ಟೆಯಲ್ಲಿ ವಿಷವೇ ಇಲ್ಲ! ಇದ್ದದ್ದು ಅಂಗಿಯಲ್ಲಿ, ಆ ಅಂಗಿಯನ್ನು ಬಿಚ್ಚಲು ಒಬ್ಬರಿಗೂ ಹೊಳೆಯಲಿಲ್ಲ. ಅದನ್ನೇ ತೊಟ್ಟುಕೊಂಡು, ಕಾರಿನ ಸೀಟಿಗೆ ಬೆನ್ನು ಒತ್ತಿಕೊಂಡು, ದಾವಣಗೆರೆಯ ತನಕ ಹೋದೆ. ಆಸ್ಪತ್ರೆಯಲ್ಲಿ ಸಿಸ್ಟರ್ ಮೊದಲು ಮಾಡಿದ ಕೆಲಸ ಕತ್ತರಿ ತಗೊಂಡು ಅಂಗಿ ಕತ್ತರಿಸಿದ್ದು, ಸೋಪು ಹಾಕಿ ಬೆನ್ನು ತೊಳೆದದ್ದು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತಂತೆ.

"ಯಾವ ಔಷಧಿ?" ಅಂತ ಡಾಕ್ಟರು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಮ್ಮ ತಮ್ಮ ರಾತ್ರಿಯಲ್ಲಿ ವಾಪಸ್ ಹೋಗಿ ಬದುವಿನ ಮೇಲೆ ಎಸೆದಿದ್ದ ಬಾಟಲಿ ಹುಡುಕಿ ತಂದ. ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್, ಅದರ ಮೇಲೆ ಅದನ್ನೇ ಕೊಟ್ಟರು. ಅದರ ಅಮಲಿಗೆ ನಾಲಿಗೆ ಒಣಗಿ, ಭ್ರಮೆ ಹಿಡಿದು, ನಾನು ಡ್ರಿಪ್ ಕಿತ್ತು ಎದ್ದೆನಂತೆ. ಕೈ ಕಟ್ಟಿಹಾಕಿದ್ದರು.

ಇದಕ್ಕಿಂತ ನೊಂದದ್ದು ಇನ್ನೊಂದಕ್ಕೆ. ವಿಷದ ಕೇಸು ಅಂತ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಅಷ್ಟು ಸಾಕಾಯಿತು, ಊರಲ್ಲಿ "ಎಣ್ಣೆ ಕುಡಿದಾನಂತೆ, ಸಾಲ ಭಾಳ ಆಗಿತ್ತಂತೆ" ಅಂತ ಸುದ್ದಿ. ನನ್ನ ಹೆಂಡತಿಯನ್ನು ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿ "ಏನಾತವ್ವ, ಮನ್ಯಾಗ ಜಗಳಾಗಿತ್ತೇನು?" ಅಂತ ಕೇಳಿದವರಿದ್ದಾರೆ. ನಿಜವಾಗಿ ಸಾಲ ಆದದ್ದು ಆಸ್ಪತ್ರೆಯಿಂದ ಬಂದ ಮೇಲೆ. ಅವಳ ಸರ ಅಡವಿಟ್ಟೆವು. ಆ ಹುಳು ಸತ್ತಿತಾ ಅಂದರೆ, ಇಲ್ಲ. ದಪ್ಪ ಹುಳು ಸುಳಿಯೊಳಗೆ ತನ್ನ ಹಿಕ್ಕೆಯನ್ನೇ ಬಿರಡೆ ಮಾಡಿಕೊಂಡು ಕೂತಿರುತ್ತದೆ, ಮೇಲಿನ ಎಣ್ಣೆ ಅದಕ್ಕೆ ತಾಗೋದೇ ಕಷ್ಟ.

ಈಗ ನಿಮ್ಮ ಪ್ರಶ್ನೆ. ಎನ್95 ಹನಿ, ಧೂಳು ತಡೆಯುತ್ತದೆ, ಎಣ್ಣೆಯ ಆವಿಯನ್ನು ತಡೆಯಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ಕೊಡಿಸಿ, ಬೇಡ ಅನ್ನಲ್ಲ. ಆದರೆ ನಮ್ಮ ಕಡೆಯ ಸೆಕೆಗೆ ಅದು ಅರ್ಧ ಗಂಟೆಯಲ್ಲಿ ಕುತ್ತಿಗೆಗೆ ಇಳಿದಿರುತ್ತದೆ. ದುಡ್ಡು ಖರ್ಚು ಮಾಡುವುದಾದರೆ ನನ್ನ ಸಾಲು ಹೀಗೆ: ಕಂಪನಿಯ ವಾಷರ್, ಮುಚ್ಚಳವೇ ಹಳತಾಗಿದ್ದರೆ ಹೊಸ ಮುಚ್ಚಳ. ಬೆನ್ನಿಗೂ ಪಂಪಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ರೇನ್‌ಕೋಟು. ಎಣ್ಣೆ ಅಳೆದು ಬೆರೆಸುವಾಗ ನೈಟ್ರೈಲ್ ಗ್ಲೌಸ್, ಯಾಕೆಂದರೆ ನೀರು ಬೆರೆಯದ ಎಣ್ಣೆಯೇ ಎಲ್ಲಕ್ಕಿಂತ ಘಾತುಕ. ಹೊಲಕ್ಕೆ ಒಂದು ಕ್ಯಾನ್ ನೀರು, ಸೋಪು, ಬದಲಿ ಅಂಗಿ. ಒದ್ದೆಯಾದ ಕ್ಷಣ ಬಿಚ್ಚಿ ತೊಳೆಯುವುದು, ಸಾಲು ಮುಗಿಯಲಿ ಅನ್ನಬಾರದು. ಮಾಸ್ಕ್ ಇವೆಲ್ಲ ಆದ ಮೇಲೆ. ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ಬಕೆಟ್ಟಿಗೆ ಬೀಳಬಾರದು. ತೊಳೆಯುವ ನಿಮ್ಮ ತಾಯಿಯ ಕೈ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೇ ಹೇಳಿದೆ.

ಇಲ್ಲಿ ಇನ್ನೊಬ್ಬರು "ಅಪ್ಪನ ಕೈಲಿ ಬೇಡ, ಆಳು ಹಚ್ಚಿ ಹೊಡೆಸಿ" ಅಂತ ಉತ್ತರ ಬರೆದಿದ್ದಾರೆ. ನನಗೆ ಸಿಟ್ಟು ಬಂತು. ಅದೇ ಸೋರುವ ಪಂಪನ್ನು ಇನ್ನೊಬ್ಬನ ಬೆನ್ನಿಗೆ ಏರಿಸುವುದು ಪರಿಹಾರವಾ? ಆ ಆಳು ದಿನಾ ಒಂದೊಂದು ಹೊಲದಲ್ಲಿ ಹೊಡೆಯುವವನು, ಅವನ ಮೈಯಲ್ಲಿ ಎಷ್ಟು ಕೂಡಿದೆಯೋ.

"ಸ್ಟ್ರಾಂಗ್ ಎಣ್ಣೆ ಯಾವುದು" ಅಂತಲೂ ಕೇಳಿದ್ದೀರಿ. ಆ ಲೆಕ್ಕವೇ ಬಿಡಿ. ಹುಳು ಸಣ್ಣದಿರುವಾಗ, ಎಲೆ ಮೇಲೆ ಕೆರೆದ ಬಿಳಿ ಕಿಟಕಿ ಕಾಣುವಾಗಲೇ ಹಿಡಿಯಬೇಕು. ಮೊಟ್ಟೆಗುಂಪು ಕಂಡರೆ ಕೈಯಲ್ಲೇ ಹೊಸಕಿ ಹಾಕಿ. ನಾನೀಗ ಬೇಕಾದಾಗ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರಿಗೆ 0.4 ಮಿಲಿ ಹಾಕಿ, ಬೆಳಗ್ಗೆ ಬೇಗ ಅಥವಾ ಸಂಜೆ, ಸುಳಿಯೊಳಗೇ ಬಿಡುತ್ತೇನೆ. ಅದರ ಬಾಟಲಿ ಮೇಲೆ ಹಸಿರು ತ್ರಿಕೋನ, ವಿಷ ಎಷ್ಟು ಘೋರ ಅಂತ ಹೇಳುವ ಗುರುತು ಅದು. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ನನ್ನನ್ನು ಮಲಗಿಸಿದ್ದು ಕೆಂಪಲ್ಲ, ಹಳದಿ. ಹಸಿರು ಅಂದರೆ ಕುಡಿಯಬಹುದು ಅಂತಲೂ ಅಲ್ಲ. ಹೆಚ್ಚಿನದಕ್ಕೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಇಲ್ಲಾ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡ್ತಾರೆ. ಅಂಗಡಿಯವನನ್ನು ಮಾತ್ರ ಡಾಕ್ಟರು ಮಾಡಿಕೊಳ್ಳಬೇಡಿ.

ಅಪ್ಪ ಮಾತು ಕೇಳಲ್ಲ ಅಂತೀರಿ. ಉಪದೇಶ ಬೇಡ. ಪಂಪನ್ನು ಚೆನ್ನಾಗಿ ತೊಳೆದು, ಬರೀ ನೀರು ತುಂಬಿ, ಒಣ ಅಂಗಿ ಹಾಕಿಸಿ, ಅಂಗಳದಲ್ಲಿ ಬಗ್ಗಿ ಬಗ್ಗಿ ನಡೆಸಿ. ಆಮೇಲೆ ಅವರ ಬೆನ್ನನ್ನು ಅವರೇ ಮುಟ್ಟಿ ನೋಡಲಿ. ಒಣಗಿದ್ದರೂ ಟ್ಯೂಬಿನ ವಾಷರ್ ಇದ್ದರೆ ನಂಬಬೇಡಿ, ನನ್ನದೂ ನೀರಿಗೆ ಸೋರಿರಲಿಲ್ಲ.

ವಾಷರ್ ಸರಿಯಾಗಿ, ರಕ್ತಪರೀಕ್ಷೆಯೂ ಆಗುವವರೆಗೆ ಅವರು ಎಣ್ಣೆ ಹೊಡೆಯುವುದು ಬೇಡ. ದಾವಣಗೆರೆಗೆ ಕರೆದುಕೊಂಡು ಹೋಗಿ, ಎಣ್ಣೆ ಹೊಡೆಯುವವರು ಅಂತ ಹೇಳಿ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸಿ. ಮತ್ತೆ ವಾಂತಿ, ಜೊಲ್ಲು, ಕಣ್ಣು ಮಂಜು ಏನಾದರೂ ಆದರೆ ಬಟ್ಟೆ ಬಿಚ್ಚಿ ಸೋಪಲ್ಲಿ ತೊಳೆದು, ಏನೂ ಕುಡಿಸದೆ, ಬಾಟಲಿ ಸಮೇತ 108ಕ್ಕೆ ಹತ್ತಿಸಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಹಗಲು ರಾತ್ರಿ ಎತ್ತುತ್ತಾರೆ, ಡಾಕ್ಟರಿಗೆ ಕೊಡಿ.

ಈಗ ಹೊಡೆಯುತ್ತಿರುವ ಎಣ್ಣೆಯ ಹೆಸರು ನೀವು ಬರೆದಿಲ್ಲ. ಬಾಟಲಿಯ ಫೋಟೋ ಕೆಳಗೆ ಹಾಕಿ, ತ್ರಿಕೋನದ ಬಣ್ಣ ಕಾಣಬೇಕು. ಎರಡು ಮೂರು ಬೆರೆಸುತ್ತಿದ್ದರೆ ಎಲ್ಲದರದ್ದೂ ಹಾಕಿ.