ಐದು ವರ್ಷದ ಮಗುವಿಗೆ ಅಕ್ಷರ ಕಲಿಸುವುದು ಬೇಡವೆಂದು ರೂಸೋ ಹೇಳಿದ್ದೇಕೆ?

ಮಗನಿಗೆ ಈಗಲೇ ಓದು-ಬರಹ ಕಲಿಸಬೇಕೇ, ಹದಿನೆಂಟನೆಯ ಶತಮಾನದ ಫ್ರೆಂಚ್ ಭಾಷೆಯ ಚಿಂತಕ ರೂಸೋ ಬೇಡವೆಂದಿದ್ದನಲ್ಲವೇ ಎಂದು ಕೇಳಿದ್ದೀರಿ. ಅವಸರ ಬೇಡವೆಂದದ್ದು ನಿಜ. ಆದರೆ ಮಗು ಸುಮ್ಮನೆ ಕೂತಿರಲಿ ಎಂಬುದು ಅವನ ಅಭಿಪ್ರಾಯವಲ್ಲ.

ಮಕ್ಕಳಿಗೆ ಕಾರಣ ಹೇಳಿ ತಿದ್ದಬೇಕು, ದಾಳದ ಮುಖಗಳಿಗೆ ಅಕ್ಷರ ಅಂಟಿಸಿ ಓದನ್ನು ಆಟವಾಗಿಸಬೇಕು ಎಂದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಬರೆದಿದ್ದನು. ಶಿಕ್ಷಣವನ್ನು ಕುರಿತ 1762ರ ‘ಎಮಿಲ್’ ಎಂಬ ಪುಸ್ತಕದಲ್ಲಿ ರೂಸೋ ಇದಕ್ಕೆ ಎದುರಾದನು: ವಿವೇಚನೆ ಎಲ್ಲ ಶಕ್ತಿಗಳಿಗಿಂತ ತಡವಾಗಿ ಬಲಿಯುವುದರಿಂದ, ಹನ್ನೆರಡರವರೆಗೆ ಮಗು ಉಪದೇಶದಿಂದಲ್ಲ, ವಸ್ತುಗಳಿಂದ ಕಲಿಯಬೇಕು, ಕಿಟಕಿಯ ಗಾಜು ಒಡೆದರೆ ಬೈಯದೆ ಅದೇ ಕೋಣೆಯ ಚಳಿಗಾಳಿಗೆ ಬಿಡಬೇಕು. (ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಿದವನು ಇದನ್ನು ಬರೆದನೆಂಬುದು ಬೇರೆ ಮಾತು.)

ಶಿರಸಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ, ಅಕ್ಷರ ಬಾರದ ಪುಟ್ಟಿಯೊಬ್ಬಳು ಮೆಟ್ಟುಗತ್ತಿಯಿಂದ ದೂರ ಕೂತು ಹಸಿರು ಕಾಯಿ, ಕೆಂಪು ಹಣ್ಣುಗಳನ್ನು ಬೇರೆಬೇರೆ ಬುಟ್ಟಿಗೆ ಹಾಕುತ್ತಾ, ಅರೆಗೆಂಪಿನದೊಂದು ಕೈಗೆ ಬಂದಾಗ ಬಹಳ ಹೊತ್ತು ತಿರುಗಿಸಿ ನೋಡಿ ಮೂರನೆಯ ಬುಟ್ಟಿ ಕೇಳಿದಳು. ವರ್ಗೀಕರಣವನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ರೂಸೋ ಹೇಳುವ ಕಲಿಕೆ ಇಂಥದ್ದು.

ಯೌವನದಲ್ಲಿ ಕಾರವಾರದ ಕಡಲತೀರದಲ್ಲಿ ಕೆಲಕಾಲ ಕಳೆದಿದ್ದ ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದು ಮರದಡಿ ಪಾಠ ನಡೆಸಿದರು, ಆದರೆ ಅಕ್ಷರವನ್ನು ದೂರವಿಡಲಿಲ್ಲ. ನನಗೂ ಅದೇ ಸರಿಯೆನಿಸುತ್ತದೆ: ಮಗ ತಾನಾಗಿ ಬಸ್ಸಿನ ಬೋರ್ಡು ಓದಲು ಹೊರಟರೆ ರೂಸೋನ ಹೆಸರಿನಲ್ಲಿ ತಡೆಯಬೇಡಿ, ಲಾಕ್‌ನ ದಾಳ ಕೊಡಿ.