ನನ್ನದು ಕಣ್ಣಿನ ಕಲಿಕೆ ಎಂದ ಮೇಲೆ ಕಿವಿಗೇಕೆ ಕೆಲಸ?

ಪ್ರಶ್ನೆ: ಕಾಲೇಜಿನಲ್ಲಿ ಕಲಿಕಾ ಶೈಲಿಯ ಪ್ರಶ್ನಾವಳಿಯೊಂದನ್ನು ತುಂಬಿದಾಗ ನನ್ನದು ದೃಶ್ಯ ಕಲಿಕೆ ಎಂಬ ಫಲಿತಾಂಶ ಬಂತು. ಅಂದಿನಿಂದ ಇಂಗ್ಲಿಷನ್ನು ಪುಸ್ತಕ, ಪದಪಟ್ಟಿ ಮತ್ತು ಬಣ್ಣದ ಟಿಪ್ಪಣಿಗಳಿಂದಲೇ ಕಲಿಯುತ್ತಿದ್ದೇನೆ. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳು ಬರುತ್ತಿವೆ, ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಮಾತನಾಡಿದರೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಆಲಿಸಿ ಕಲಿಯುವುದು ನನ್ನ ಶೈಲಿಯಲ್ಲವಾದ್ದರಿಂದ ಅದನ್ನು ಬಿಟ್ಟು ಓದನ್ನೇ ಹೆಚ್ಚಿಸಿಕೊಳ್ಳಬಹುದೇ?
– ಪದವಿ ವಿದ್ಯಾರ್ಥಿನಿ

ಉತ್ತರ: ದಯವಿಟ್ಟು ಬಿಡಬೇಡಿ. ಆ ಪ್ರಶ್ನಾವಳಿ ನಿಮಗೆ ಯಾವ ಬಗೆಯ ಕಲಿಕೆ ಇಷ್ಟ ಎಂದು ಕೇಳಿದೆ, ನೀವೂ ಪ್ರಾಮಾಣಿಕವಾಗಿ ಉತ್ತರಿಸಿದ್ದೀರಿ. ಆದರೆ ಯಾವುದರಿಂದ ನೀವು ಹೆಚ್ಚು ಕಲಿಯುತ್ತೀರಿ ಎಂಬುದನ್ನು ಅದು ಅಳೆದಿಲ್ಲ. ಇಷ್ಟವಾದ ವಿಧಾನದಲ್ಲಿ ಕಲಿಸಿದರೆ ಕಲಿಕೆಯೂ ಹೆಚ್ಚುತ್ತದೆ ಎಂಬ ನಂಬಿಕೆ ಶಿಕ್ಷಣ ಕ್ಷೇತ್ರದಲ್ಲಿ ಬಹುಕಾಲದಿಂದ ಬೇರೂರಿದೆ. ಪ್ಯಾಶ್ಲರ್, ಮೆಕ್‌ಡ್ಯಾನಿಯಲ್, ರೋರರ್ ಮತ್ತು ಬ್ಯೋರ್ಕ್ ಎಂಬ ನಾಲ್ವರು ಮನೋವಿಜ್ಞಾನಿಗಳು 2008ರಲ್ಲಿ ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ಅದು ನಿಜವೆನ್ನಬೇಕಾದರೆ ದೃಶ್ಯ ಶೈಲಿಯವರನ್ನೂ ಶ್ರವಣ ಶೈಲಿಯವರನ್ನೂ ಎರಡೂ ವಿಧಾನಗಳಿಗೆ ಯಾದೃಚ್ಛಿಕವಾಗಿ ಹಂಚಿ, ಕೊನೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಆಗ ಒಂದು ಗುಂಪಿಗೆ ಅತ್ಯುತ್ತಮವಾದ ವಿಧಾನ ಇನ್ನೊಂದು ಗುಂಪಿಗೆ ಅತ್ಯುತ್ತಮವಾಗಿರಬಾರದು. ಇಂಥ ಪುರಾವೆಗಾಗಿ ಹುಡುಕಿದ ಅವರಿಗೆ ಸಿಕ್ಕಿದ್ದು ತೀರಾ ಅತ್ಯಲ್ಪ. ಸರಿಯಾಗಿ ನಡೆಸಿದ ಕೆಲವು ಪ್ರಯೋಗಗಳ ಫಲಿತಾಂಶವಂತೂ ಆ ನಂಬಿಕೆಗೆ ವಿರುದ್ಧವಾಗಿಯೇ ಇತ್ತು.

ನಿಮ್ಮ ವಿಷಯದಲ್ಲಿ ಇನ್ನೂ ಸರಳವಾದ ಕಾರಣವೊಂದಿದೆ. ಆಲಿಸುವುದು ಇಂಗ್ಲಿಷ್ ಕಲಿಯುವ ಒಂದು ದಾರಿ ಮಾತ್ರವಲ್ಲ, ನೀವು ಕಲಿಯಬೇಕಾಗಿರುವ ಇಂಗ್ಲಿಷಿನ ಒಂದು ಭಾಗವೇ ಅದು. ಪುಟದ ಮೇಲೆ ‘ವಾಟ್ ಆರ್ ಯೂ ಗೋಯಿಂಗ್ ಟು ಡೂ’ ಎಂಬ ವಾಕ್ಯದಲ್ಲಿ ಆರು ಪದಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದನ್ನೇ ಸಹಜ ವೇಗದಲ್ಲಿ ಆಡಿದಾಗ ‘ವಾಟ್ಯ ಗೊನ ಡೂ’ ಎಂಬಂತೆ ಒಂದಕ್ಕೊಂದು ಬೆಸೆದುಕೊಂಡು ಕಿವಿಗೆ ಬೀಳುತ್ತದೆ. ಆರೂ ಪದಗಳ ಅರ್ಥ ಚೆನ್ನಾಗಿ ಬಲ್ಲವರೂ ಇಲ್ಲಿ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಅವರು ಆ ಪದಗಳನ್ನು ಕಂಡಿದ್ದಾರೆಯೇ ಹೊರತು ಕೇಳಿಲ್ಲ. ಎಷ್ಟೇ ಬಣ್ಣಗಳಲ್ಲಿ ಗೆರೆ ಎಳೆದರೂ ಈ ಕೊರತೆ ತುಂಬುವುದಿಲ್ಲ.

ಹಾಗೆಂದು ನಿಮ್ಮ ಓದಿನ ಒಲವನ್ನು ನಾನು ಕಡೆಗಣಿಸುತ್ತಿಲ್ಲ, ಅದನ್ನೇ ಆಸರೆಯಾಗಿಟ್ಟುಕೊಂಡು ಕಿವಿಯನ್ನು ಪಳಗಿಸಬಹುದು. ಲಿಖಿತ ಪಠ್ಯವೂ ಜೊತೆಗಿರುವ ಎರಡು ಮೂರು ನಿಮಿಷಗಳ ಧ್ವನಿಮುದ್ರಣವೊಂದನ್ನು ಆರಿಸಿಕೊಳ್ಳಿ. ಮೊದಲು ಪಠ್ಯವನ್ನು ನೋಡದೆ ಕೇಳಿ, ನಂತರ ವಾಕ್ಯವಾಕ್ಯಕ್ಕೂ ನಿಲ್ಲಿಸುತ್ತಾ ಕೇಳಿಸಿದ್ದನ್ನು ಬರೆಯಿರಿ. ಅರ್ಥವಾಗದ ಕಡೆ ಜಾಗ ಖಾಲಿ ಬಿಡಿ. ಬಳಿಕ ಪಠ್ಯವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಖಾಲಿ ಉಳಿದ ಜಾಗಗಳಲ್ಲಿ ಹೊಸ ಪದಗಳಿಗಿಂತ ನಿಮಗೆ ಮೊದಲೇ ಗೊತ್ತಿದ್ದ ಚಿಕ್ಕಪುಟ್ಟ ಪದಗಳೇ ಹೆಚ್ಚಾಗಿದ್ದರೆ ಆಶ್ಚರ್ಯಪಡಬೇಡಿ, ಇಂಗ್ಲಿಷಿನಲ್ಲಿ ಒತ್ತು ಬೀಳದ ಪದಗಳು ಮಾತಿನಲ್ಲಿ ಕರಗಿಹೋಗುತ್ತವೆ. ಆ ಜಾಗಗಳನ್ನಷ್ಟೇ ಮತ್ತೆ ಮತ್ತೆ ಕೇಳಿ, ಧ್ವನಿಯ ಜೊತೆಜೊತೆಗೆ ಗಟ್ಟಿಯಾಗಿ ಹೇಳಿ. ಮರುದಿನ ಪಠ್ಯವನ್ನು ಮುಚ್ಚಿಟ್ಟು ಅದೇ ವಿಷಯವನ್ನು ನಿಮ್ಮದೇ ಮಾತುಗಳಲ್ಲಿ ಹೇಳಲು ಯತ್ನಿಸಿ.

ಈ ಕೊನೆಯ ಹೆಜ್ಜೆಯನ್ನು ತಪ್ಪಿಸಬೇಡಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರ ಕಳೆದಾಗ, ಪುಸ್ತಕ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದ್ದವರೇ ಹೆಚ್ಚು ಉಳಿಸಿಕೊಂಡಿದ್ದರು. ಹಾಯೆನಿಸುವ ವಿಧಾನವೇ ಹೆಚ್ಚು ಕಲಿಸುತ್ತದೆ ಎಂಬ ಅನಿಸಿಕೆ ನಮ್ಮನ್ನು ದಾರಿ ತಪ್ಪಿಸುವುದು ಹೀಗೆಯೇ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವಿದ್ಯಾರ್ಥಿಗಳ ಶೈಲಿಗಳನ್ನು ಗುರುತಿಸಿ, ಅದರಂತೆ ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಪಾಠ ಸಿದ್ಧಪಡಿಸಬೇಕೆಂದು ಹಿರಿಯ ಸಹೋದ್ಯೋಗಿಯೊಬ್ಬರು ಸಲಹೆ ನೀಡಿದ್ದಾರೆ. ಇದು ಸಾಧುವೇ?
– ಉಪನ್ಯಾಸಕ

ಉತ್ತರ: ಅಷ್ಟು ಶ್ರಮವನ್ನು ಇದಕ್ಕೆ ಸುರಿಯಬೇಡಿ ಎಂಬುದೇ ನನ್ನ ಸಲಹೆ. ಇಂಗ್ಲಿಷ್ ಕಲಿಯುವವರ ಒಲವುಗಳ ಕುರಿತು ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ ಜಾಯ್ ರೀಡ್ ಅವರದು. ಅದು 1987ರಲ್ಲಿ ‘ಟೆಸಾಲ್ ಕ್ವಾರ್ಟರ್ಲಿ’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಪ್ರಶ್ನಾವಳಿಯಲ್ಲಿರುವ 30 ಹೇಳಿಕೆಗಳು ದೃಶ್ಯ, ಶ್ರವಣ, ಚಲನೆ, ಸ್ಪರ್ಶ, ಗುಂಪಿನ ಕಲಿಕೆ, ಒಂಟಿ ಕಲಿಕೆ ಎಂಬ ಆರು ಒಲವುಗಳನ್ನು ಗುರುತಿಸುತ್ತವೆ. ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಅನ್ಯಭಾಷಿಕ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಕೈಯಾರೆ ಮಾಡಿ, ಓಡಾಡಿ ಕಲಿಯುವುದನ್ನು ಮೆಚ್ಚಿದ್ದರು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಅಂಶ: ಆ ದೇಶದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಹೊಸದಾಗಿ ಬಂದವರಿಗಿಂತ, ಆಲಿಸಿ ಕಲಿಯುವ ಒಲವು ಹೆಚ್ಚಾಗಿತ್ತು. ಒಲವು ಹುಟ್ಟಿನಿಂದ ಬಂದು ಹಾಗೆಯೇ ಉಳಿಯುವುದಲ್ಲ, ಬಳಕೆಯಿಂದಲೂ ಬೆಳೆಯುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಹೀಗಿರುವಾಗ ‘ನೀನು ಶ್ರವಣದವನಲ್ಲ’ ಎಂದು ಹದಿನೆಂಟರ ಹುಡುಗನಿಗೆ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಪ್ರಶ್ನಾವಳಿಯನ್ನು ಮಾತುಕತೆಗೆ ನೆಪವಾಗಿ ಖಂಡಿತ ಬಳಸಿ. ಯಾರು ಯಾವುದಕ್ಕೆ ಅಳುಕುತ್ತಾರೆ ಎಂಬುದು ತರಗತಿಯ ಆರಂಭದಲ್ಲೇ ತಿಳಿದರೆ ನಿಮಗೂ ಅನುಕೂಲ. ಪಾಠದ ವಿಧಾನವನ್ನು ಮಾತ್ರ ಕಲಿಸಬೇಕಾದ ವಿಷಯವೇ ನಿರ್ಧರಿಸಲಿ. ಉಚ್ಚಾರಣೆ ಕಲಿಸುವಾಗ ಎಲ್ಲರೂ ಕೇಳಬೇಕು, ಎಲ್ಲರೂ ಬಾಯಿ ತೆರೆಯಬೇಕು. ಪ್ರಬಂಧದ ಕಟ್ಟಡವನ್ನು ಕಲಿಸುವಾಗ ಎಲ್ಲರ ಕಣ್ಣೆದುರಿಗೂ ಬರಹ ಇರಬೇಕು.

ಪ್ರಶ್ನೆ: ನನಗೆ ಒಬ್ಬನೇ ಕುಳಿತು ಕಲಿಯುವುದೇ ಹಿತ. ಗುಂಪು ಚಟುವಟಿಕೆ ಎಂದರೆ ಮೈ ಮುದುಡುತ್ತದೆ. ತಪ್ಪಿಸಿಕೊಂಡರೆ ನಷ್ಟವೇ?
– ವಿದ್ಯಾರ್ಥಿ

ಉತ್ತರ: ನಷ್ಟವಿದೆ, ಆದರೆ ನಿಮ್ಮ ಸಂಕೋಚ ಅಸಹಜವೇನಲ್ಲ, ಮೇಲೆ ಹೇಳಿದ ರೀಡ್ ಅವರ ಅಧ್ಯಯನದಲ್ಲೂ ಬಹುತೇಕ ಭಾಷಾ ಸಮುದಾಯಗಳ ವಿದ್ಯಾರ್ಥಿಗಳು ಗುಂಪಿನ ಕಲಿಕೆಯನ್ನು ಇಷ್ಟಪಟ್ಟಿರಲಿಲ್ಲ. ಪದಸಂಪತ್ತು, ವ್ಯಾಕರಣ, ಓದು ಇವನ್ನು ಒಂಟಿಯಾಗಿಯೇ ಚೆನ್ನಾಗಿ ಕಲಿಯಬಹುದು. ಎದುರಿನವರ ಅನಿರೀಕ್ಷಿತ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರಿಸುವುದನ್ನು ಮಾತ್ರ ಎದುರಿಗೊಬ್ಬರು ಇಲ್ಲದೆ ರೂಢಿಸಿಕೊಳ್ಳುವುದು ಕಷ್ಟ. ಐದಾರು ಮಂದಿಯ ಗುಂಪಿಗೆ ಬದಲಾಗಿ ಒಬ್ಬ ಗೆಳೆಯನ ಜೊತೆ ಜೋಡಿಯಾಗಿ ಅಭ್ಯಾಸ ಮಾಡಲು ಅವಕಾಶ ಕೊಡಿ ಎಂದು ನಿಮ್ಮ ಉಪನ್ಯಾಸಕರನ್ನು ಕೇಳಿಕೊಳ್ಳಿ. ಹೇಳಬೇಕಾದ ವಿಷಯವನ್ನು ಯೋಚಿಸಿಕೊಳ್ಳಲು ಮೊದಲು ಎರಡು ನಿಮಿಷ ಮೌನವಾಗಿ ಕುಳಿತರೂ ತಪ್ಪಿಲ್ಲ.